ನೆಲದೊಳಗಿನ ಗಡಿಗೆಯಲ್ಲಿ ಆರದ ಬೆಳಕು

ಮಿರಜ

ಜಾರ್ಜಿಯಾದಿಂದ ಮಿರಜಿಗೆ ಮರಳಿದ ಮೇಲೆ ಕಂಡವರೆಲ್ಲ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ದಾರೂ ಕುಡದಿ ಏನ?" ಕಿರಾಣಿ ಅಂಗಡಿಯವರು ನೇರವಾಗಿ ಕೇಳಿದರು. ಮನೆಗೆ ಬಂದ ಸ್ವಾಮಿಗಳು, "ಅಲ್ಲಿ ಚಳಿ ಭಾಳಂತ, ಮೈ ಬೆಚ್ಚಗಿಡಾಕ ಏನ ಮಾಡ್ತಾರವ್ವಾ?" ಎಂದು ಸುತ್ತಿ ಬಳಸಿ ಅದನ್ನೇ ಕೇಳಿದರು. ನಾನು ಕುಡಿಯಲಿಲ್ಲ. ಆದರೆ ದ್ರಾಕ್ಷಾರಸದ ಗಡಿಗೆಯೊಂದರ ಬಾಯಲ್ಲಿ ಕೂತು ಗೆಳತಿಯ ಹೆಸರು ಹಿಡಿದು ಕೂಗಿದ್ದೇನೆ. ಆ ಕೂಗು ಇನ್ನೂ ನನ್ನ ಗಂಟಲಲ್ಲಿದೆ. ಅದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ನಾನು ಓದುವುದು ಸಾಂಗಲಿಯ ಕಾಲೇಜಿನಲ್ಲಿ. ನಮ್ಮ ಕಾಲೇಜು ಸೇವಾ-ಕಲಿಕೆ ಪ್ರವಾಸ ಎಂಬ ಹೊಸ ಯೋಜನೆಗೆ ಆರು ಹುಡುಗಿಯರನ್ನು ಆರಿಸಿತು. ನೋಡುವ ಜಾಗ, ಹೋಟೆಲು, ಗೈಡು ಯಾವುದೂ ಇಲ್ಲ. ಮೂರು ವಾರ ಪರದೇಶದ ಹಳ್ಳಿಯೊಂದರಲ್ಲಿ ಇಬ್ಬಿಬ್ಬರಾಗಿ ಒಂದೊಂದು ಮನೆಯಲ್ಲಿ ಉಳಿದು, ಬೆಳಗ್ಗೆ ಶಾಲೆಯ ಕೆಲಸ, ಮಧ್ಯಾಹ್ನ ಮನೆಯವರ ಕೆಲಸ ಮಾಡಬೇಕು. ಸಂಜೆ ಒಂದು ಹಾಳೆ ತುಂಬಬೇಕು. ಎಡಗಡೆ ‘ನಾವು ಕೊಟ್ಟದ್ದು’, ಬಲಗಡೆ ‘ನಾವು ಪಡೆದದ್ದು’.

ಅಜ್ಜಿಯನ್ನು ನಾವು ಆಯಿ ಎನ್ನುತ್ತೇವೆ. ಆಯಿಗೆ ಈ ಯೋಜನೆಯೇ ಅರ್ಥವಾಗಲಿಲ್ಲ.

"ಅಲ್ಲಾ ಸುಧಾ, ಸೇವಾ ಮಾಡಾಕ ವಿಮಾನ ಯಾಕ ಬೇಕು? ಟೇಶನ್ನಿಗೆ ಹೋಗಿ ನಿಂದ್ರು. ಜಮಖಂಡಿ ಕಡಿಂದ ಪೇಶಂಟ್ ಮಂದಿ ಇಳೀತಾರ. ಅವರಿಗೆ ದವಾಖಾನಿ ಹಾದಿ ತೋರಸು. ಆತು, ಸೇವಾ ಮುಗೀತು."

"ಅದರಾಗ ಕಲಿಯೂದೇನ ಐತಿ, ಆಯಿ?"

"ಕಲತು ಮುಗಿಸೀಯೇನ ಹಂಗಾರ?"

ಆಯಿ ಗೆದ್ದ ಖುಷಿಯಲ್ಲಿ ನನ್ನ ಚೀಲಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ದೊಡ್ಡ ಪೊಟ್ಟಣ ಭಡಂಗ ಎಂಬ ಖಾರದ ಚುರುಮುರಿ ತುಂಬಿದಳು. ಸಾಂಗಲಿಯಲ್ಲಿ ಅರಿಸಿಣದ ವ್ಯಾಪಾರ ಮಾಡುವ ಅಪ್ಪ, ಉಳಿಯುವ ಮನೆಯವರಿಗೆಂದು ಎರಡು ಕಿಲೋ ಅರಿಸಿಣ ಪುಡಿ ಕೊಟ್ಟರು.

ಟಿಬಿಲಿಸಿ

ಜಾರ್ಜಿಯಾ ಎಂದರೆ ಅಮೆರಿಕದ ಊರೆಂದೇ ನಮ್ಮ ಓಣಿಯವರು ಈಗಲೂ ನಂಬಿದ್ದಾರೆ. ಇದು ಕಪ್ಪು ಸಮುದ್ರದ ದಂಡೆಯ ಪುಟ್ಟ ದೇಶ. ಅದರ ರಾಜಧಾನಿ ಟಿಬಿಲಿಸಿಯ ವಿಮಾನ ನಿಲ್ದಾಣದಲ್ಲಿ ಅಪ್ಪನ ಅರಿಸಿಣ ನಮ್ಮನ್ನು ತಡೆದು ನಿಲ್ಲಿಸಿತು. ಅಧಿಕಾರಿ ಪೊಟ್ಟಣವನ್ನು ಮೂಸಿದ, ಸೀನಿದ, ಇನ್ನೊಬ್ಬನನ್ನು ಕರೆದ. ಅವನೂ ಸೀನಿದ.

ನನ್ನ ಜೊತೆಗಾತಿ ಸುಪ್ರಿಯಾ ಮುಂದೆ ಬಂದಳು. ಮಾಲಗಾಂವದ ದ್ರಾಕ್ಷಿ ತೋಟದವರ ಮಗಳು. ನಲವತ್ತೆರಡು ಕಿಲೋ ತೂಕ, ಅದಕ್ಕೂ ಭಾರವಾದ ಧೈರ್ಯ. ಮನೆಯಲ್ಲಿ ಅವಳಜ್ಜಿ ಕನ್ನಡದಲ್ಲಿ ಬೈದರೆ ಅವಳು ಮರಾಠಿಯಲ್ಲಿ ತಿರುಗಿ ಬೈಯುತ್ತಾಳೆ. ಕನ್ನಡ ಪೂರ್ತಿ ತಿಳಿಯುತ್ತದೆ, ಮರಾಠಿ ಬೆರೆಯದೆ ನಾಲಿಗೆಯ ಮೇಲೆ ಬರುವುದಿಲ್ಲ. "ಥಾಂಬ ಗ, ನಿಲ್ಲು," ಎಂದು ನನ್ನನ್ನು ಸರಿಸಿ, ಒಂದು ಚಿಟಿಕೆ ಪುಡಿಯನ್ನು ನೀರಲ್ಲಿ ಕಲಸಿ ಕೆನ್ನೆಗೆ ಹಚ್ಚಿಕೊಂಡು ಅಧಿಕಾರಿಯ ಮುಂದೆ ಮದುಮಗಳ ಹಾಗೆ ನಾಚಿದಳು. ಇಬ್ಬರೂ ನಕ್ಕು ಮುದ್ರೆ ಒತ್ತಿದರು. ಒಂದೇ ಕೆನ್ನೆ ಹಳದಿಯಾದ ಸುಪ್ರಿಯಾ ಹಾಗೇ ಜಾರ್ಜಿಯಾ ಪ್ರವೇಶಿಸಿದಳು.

ಹಳ್ಳಿಗೆ ಹೋಗುವ ವ್ಯಾನಿನಲ್ಲಿ ನನ್ನ ಅಂಜಿಕೆ ಅರ್ಧ ಇಳಿಯಿತು. ಚರ್ಚು ಕಂಡಾಗಲೆಲ್ಲ ಪ್ರಯಾಣಿಕರು ಮಾತು ನಿಲ್ಲಿಸದೆಯೇ ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದರು. ಸಾಂಗಲಿಯ ಬಸ್ಸಿನಲ್ಲಿ ಗುಡಿ ದಾಟುವಾಗ ಮೊಬೈಲು ಹಿಡಿದ ಕೈಯನ್ನೇ ಎದೆಗೆ ಮುಟ್ಟಿಸಿಕೊಳ್ಳುವವರು ನೆನಪಾದರು. ಚಾಲಕ ಕೂಡ ಎರಡೂ ಕೈ ಬಿಟ್ಟು ಶಿಲುಬೆ ಬರೆದುಕೊಂಡಾಗ ಮಾತ್ರ ಕಾಲೇಜಿನಿಂದ ಜೊತೆಗೆ ಬಂದಿದ್ದ ನಮ್ಮ ಕುಲಕರ್ಣಿ ಮೇಡಂ ಕಣ್ಣು ಮುಚ್ಚಿಕೊಂಡರು.

ಲಾಮಾರಾ ಅಜ್ಜಿಯ ಮನೆ

ನನಗೂ ಸುಪ್ರಿಯಾಳಿಗೂ ಸಿಕ್ಕಿದ್ದು ಲಾಮಾರಾ ಎಂಬ ಅಜ್ಜಿಯ ಮನೆ. ಎಪ್ಪತ್ತು ದಾಟಿದವರು. ಕಪ್ಪು ಅಂಗಿ, ಕಪ್ಪು ತಲೆವಸ್ತ್ರ, ಕುಂಬಾರನಿಗಿರುವಂಥ ಕೈಗಳು. ಇಂಗ್ಲಿಷು ಬರುವುದು ಮಗ ಗಿಯಾನಿಗೆ ಮಾತ್ರ. ಅವನಿಲ್ಲದಾಗ ಅಜ್ಜಿ ಜಾರ್ಜಿಯನ್ನಿನಲ್ಲಿ ಮಾತಾಡಿದರೆ ನಾನು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದೆ. ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ.

ಅಜ್ಜಿ ನಾವು ತಂದ ಜೋಳದ ರೊಟ್ಟಿಯನ್ನು ಬಾಯಿಗಿಟ್ಟು ತಲೆಯಾಡಿಸಿ, ಒಳಗಿಂದ ಮೆಕ್ಕೆಜೋಳದ ತಮ್ಮ ರೊಟ್ಟಿ ತಂದು ನನ್ನ ಬಾಯಿಗಿಟ್ಟರು. ಹದ ಬೇರೆ, ಕುಲ ಒಂದೇ. ಅರಿಸಿಣ ಕಂಡಾಗ ಅವರು ಒಣಗಿದ ಚೆಂಡುಹೂವಿನ ಪುಡಿಯ ಡಬ್ಬಿ ತಂದು ಪಕ್ಕದಲ್ಲಿಟ್ಟರು. ಅಲ್ಲಿ ಅಡಿಗೆಗೆ ಹಳದಿ ಬಣ್ಣ ಬರುವುದು ಅದರಿಂದ. ಅಪ್ಪನಿಗೆ ಫೋಟೋ ಕಳಿಸಿದೆ. "ಮಾಲು ಚಲೋ ಅದ, ಆದ್ರ ನಮ್ಮ ರಂಗು ಬರಂಗಿಲ್ಲ," ಎಂದು ಉತ್ತರ ಬಂತು.

ಅಲ್ಲಿ ಆಗ ದ್ರಾಕ್ಷಿ ಸುಗ್ಗಿ. ಸುಪ್ರಿಯಾಳಿಗೆ ಅದೊಂದು ಸಂಕಟ. ಮಾಲಗಾಂವದಲ್ಲಿ ಅದೇ ಹೊತ್ತಿಗೆ ಬಳ್ಳಿಗಳನ್ನು ಕತ್ತರಿಸುವ ಛಾಟಣಿ ನಡೆದಿರುತ್ತದೆ. ಇಲ್ಲಿನವರು ಗೊಂಚಲನ್ನು ಬಕೆಟ್ಟಿಗೆ ಎಸೆಯುವುದನ್ನು ಕಂಡು ಅವಳ ಜೀವ ಹೋಗುತ್ತಿತ್ತು. "ಅಗ ಬಾಯಿ! ಅದು ಬಾಳಾ ಇದ್ದಂಗ, ಕೂಸಿದ್ದಂಗ. ಹಳೂ, ಹಗೂರ!" ಕಾಗದದ ಟೋಪಿ ತೊಡಿಸಿ ಗೊಂಚಲು ಬೆಳೆಸುವ ಮನೆಯವಳು ಅವಳು. ಗಿಯಾ ಕೈ ಮುಗಿದು ಹೇಳಿದ, "ತಂಗಿ, ಹೇಗಿದ್ದರೂ ತುಳಿಯುವುದೇ ಅಲ್ಲವೇ?"

ತುಳಿದ ರಸ, ಸಿಪ್ಪೆ, ಬೀಜ ಎಲ್ಲ ಸೇರಿ ನೆಲಮಾಳಿಗೆಗೆ ಹೋಗುತ್ತದೆ. ನಾಲ್ಕು ಮೆಟ್ಟಿಲು ಇಳಿದರೆ ತಣ್ಣನೆಯ ಕೋಣೆ. ನೆಲದಲ್ಲಿ ವೃತ್ತಾಕಾರದ ಬಾಯಿಗಳು. ಕ್ವೆವ್ರಿ ಎಂಬ ಆಳೆತ್ತರದ ಮಣ್ಣಿನ ಗಡಿಗೆಗಳನ್ನು ಕುತ್ತಿಗೆಯ ತನಕ ಹೂತಿದ್ದಾರೆ. ಬಾಯಿ ಕಿರಿದು, ಹೊಟ್ಟೆ ಅಗಲ. ನೋಡಿದವಳೇ ನಾನು ಕೂಗಿದೆ, "ಸುಪ್ರಿಯಾ, ಹಗೇವು!"

ಸಾಂಗಲಿಯ ಪಕ್ಕದ ಹರಿಪುರದಲ್ಲಿ, ಕೃಷ್ಣೆಗೆ ವಾರಣೆ ಸೇರುವಲ್ಲಿ, ಹಿಂದೆ ಅರಿಸಿಣವನ್ನು ಇಂಥದೇ ನೆಲದ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಮಹಾಪೂರಗಳು ಬಹಳಷ್ಟನ್ನು ನುಂಗಿದವು. ಏಳು ವರ್ಷದವಳಿದ್ದಾಗ ಅಪ್ಪನ ಜೊತೆ ಹೋಗಿ ಹಗೇವು ತೆರೆಯುವುದನ್ನು ಒಮ್ಮೆ ನೋಡಿದ್ದೆ. ಅಥಣಿ ಕಡೆಯಿಂದ ದುಡಿಯಲು ಬಂದು ಅಲ್ಲೇ ಉಳಿದ ಭೀಮಣ್ಣ ಕಾಕಾ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಟ್ಟರು. ಬಗ್ಗಿ ನೋಡಿದರು. ಆಮೇಲೆ ಜೊತೆಯಾಳಿನ ಕಂಕುಳಿಗೆ ಹಗ್ಗ ಬಿಗಿದು ಇಳಿಸಿದರು. ಮೇಲೆ ಕೂತು ಅವರು ಇದ್ದೀಯಾ ಎಂದು ಕೂಗುತ್ತಲೇ ಇದ್ದರು, "ಅದೀಯೇನ?" ನೆಲದೊಳಗಿಂದ ದನಿ ಬರುತ್ತಿತ್ತು, "ಅದೀನಿ!" ಮತ್ತೆ, "ಅದೀಯೇನ?" "ಅದೀನಿ!" ಮನೆಗೆ ಬಂದು ನಾನೂ ತಮ್ಮನೂ ಗಾದಿಯ ಕೆಳಗೆ ತೂರಿ ವರ್ಷಗಟ್ಟಲೆ ಆ ಆಟ ಆಡಿದ್ದೇವೆ.

ಕಂದೀಲು ಇಳಿಸಿದ್ದು ಒಳಗೆ ಚೇಳು, ಹಾವು ಇದೆಯೇ ಎಂದು ನೋಡಲಿಕ್ಕೆ ಅಂತ ನಾನು ತಿಳಿದಿದ್ದೆ. ನನ್ನನ್ನು ಯಾರೂ ತಿದ್ದಲಿಲ್ಲ. ನಾನೂ ಕೇಳಲಿಲ್ಲ.

ಒಂಬತ್ತನೆಯ ದಿನ

ನೆಲಮಾಳಿಗೆಯಲ್ಲಿ ಎರಡು ಗಡಿಗೆಗಳು ತುಂಬಿದ್ದವು. ಒಳಗೆ ರಸ ಹುದುಗು ಬಂದು, ಅನ್ನ ಕುದಿಯುವ ಸದ್ದು ಮಾಡುತ್ತಿತ್ತು. ಪಕ್ಕದ ಮೂರನೆಯದು ಖಾಲಿ. ಅದನ್ನು ತೊಳೆಯಬೇಕಿತ್ತು. "ನಾನು ಪಟ್ಟಣಕ್ಕೆ ಹೋಗಿ ಬರುತ್ತೇನೆ, ನಾಳೆ ಕೂಡಿ ತೊಳೆಯೋಣ," ಎಂದು ಹೇಳಿ ಗಿಯಾ ಬೆಳಗ್ಗೆಯೇ ಹೋಗಿದ್ದ. ಚಿಕ್ಕವನಿದ್ದಾಗ ತೆಳ್ಳಗಿದ್ದುದರಿಂದ ತನ್ನನ್ನೇ ಒಳಗೆ ಇಳಿಸುತ್ತಿದ್ದರೆಂದು ಹಿಂದಿನ ದಿನ ನಗುತ್ತ ಹೇಳಿದ್ದ.

ಮಧ್ಯಾಹ್ನ ಅಜ್ಜಿ ಅಂಗಳದಲ್ಲಿ ಅಕ್ರೋಟಿನ ಸರಗಳನ್ನು ದ್ರಾಕ್ಷಿ ಪಾಕದಲ್ಲಿ ಅದ್ದಿ ತೂಗುಹಾಕುತ್ತಿದ್ದರು. ನಮಗೆ ಕೆಲಸವಿರಲಿಲ್ಲ. ಹಾಳೆಯ ಎಡಗಡೆ ಎರಡು ದಿನದಿಂದ ಖಾಲಿ ಬಿದ್ದಿತ್ತು.

"ಆಪಣ, ನಾವ ತೊಳದ ಬಿಡೂಣು," ಎಂದಳು ಸುಪ್ರಿಯಾ. "ಗಿಯಾ ದಾದಾ ಬಂದು ಬಘತೀಲ, ನೋಡಿ ಖುಷ್!"

ಚೆರ್ರಿ ತೊಗಟೆ ಕಟ್ಟಿದ ಉದ್ದ ಕೋಲು ಗೋಡೆಗೆ ಒರಗಿತ್ತು. ಹೊರಗೆ ನಿಂತೇ ಅದರಿಂದ ಉಜ್ಜಬೇಕು. ನಾವು ಪ್ರಯತ್ನಿಸಿದೆವು. ಬುಡ ಸಿಗಲಿಲ್ಲ. ಸುಪ್ರಿಯಾ ಗಡಿಗೆಯ ಬಾಯನ್ನೂ ತನ್ನ ಭುಜವನ್ನೂ ಅಳೆದು ನೋಡಿದಳು.

ನಾನು ಜಾಣೆಯಾದೆ. ಈ ಮಾತು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. "ಹಂಗೆಲ್ಲ ಇಳೀಬಾರದು. ನಮ್ಮ ಹರಿಪುರದಾಗ ಒಂದು ಪದ್ಧತಿ ಐತಿ," ಎಂದು ಭೀಮಣ್ಣ ಕಾಕಾನ ಕೂಗಿನ ಕಥೆ ಹೇಳಿದೆ. ಗೋಡೆಗಿದ್ದ ಹಗ್ಗ ತಂದು ಅವಳ ಕಂಕುಳಿಗೆ ಬಿಗಿದೆ. ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿದೆ. ಆಮೇಲೆ ನನ್ನ ಮೊಬೈಲಿನ ಟಾರ್ಚು ಹಚ್ಚಿ, ಓಢಣಿಯಲ್ಲಿ ಕಟ್ಟಿ, ಗಡಿಗೆಯೊಳಗೆ ಇಳಿಬಿಟ್ಟೆ. ಒಳಗೆಲ್ಲ ಹಾಲಿನಂಥ ಬೆಳಕು. ಚೇಳಿಲ್ಲ, ಹಾವಿಲ್ಲ. ಟಾರ್ಚು ಝಗಝಗ ಉರಿಯುತ್ತಿತ್ತು.

"ಬೆಳಕ ಚಲೋ ಐತಿ. ಇಳಿ," ಎಂದವಳು ನಾನೇ.

ಮೆಟ್ಟಿಲಿನ ಪಕ್ಕದ ಗೂಡಿನಲ್ಲಿ, ದೇವಮಾತೆಯ ಚಿತ್ರದ ಕೆಳಗೆ, ತಂತಿ ಸುತ್ತಿದ ಮೇಣದ ಬತ್ತಿಯೊಂದಿತ್ತು, ಜೊತೆಗೆ ಕಡ್ಡಿಪೆಟ್ಟಿಗೆ. ಒಂಬತ್ತು ದಿನ ಅದನ್ನು ನೋಡಿದ್ದೆ. ದೇವರ ದೀಪವೆಂದುಕೊಂಡು ಒಂದೆರಡು ಸಲ ಕೈಯನ್ನೂ ಮುಗಿದಿದ್ದೆ.

ಕೋಲಿನ ತೊಗಟೆ ಬಿಚ್ಚಿಕೊಂಡು ಸುಪ್ರಿಯಾ ಇಳಿದಳು. ನಾನು ಬಾಯ ಬಳಿ ಚಕ್ಕಳಮಕ್ಕಳ ಹಾಕಿ ಕೂತು ಆಟ ಶುರುಮಾಡಿದೆ.

"ಅದೀಯೇನ?"

"ಆಹೇ!" ಮರಾಠಿಯಲ್ಲಿ ಅದೇ ಉತ್ತರ. ಗಡಿಗೆಯೊಳಗೆ ಅವಳ ದನಿ ದಪ್ಪಗಾಗಿ ಗಂಡಸಿನ ದನಿಯಂತಿತ್ತು. ಇಬ್ಬರೂ ನಕ್ಕೆವು.

"ಅದೀಯೇನ?"

"ಆಹೇ ಗ! ತುಝಾ ಭೀಮಣ್ಣ ಕಾಕಾನ ಪಗಾರ ನನಗ ಕೊಡು!"

"ಅದೀಯೇನ?"

"ಆಹೇ. ಡೋಕಾ ಜಡ ಆಗೈತಿ. ವಾಸಾನಿ."

ತಲೆ ಭಾರವಾಗಿದೆ, ವಾಸನೆಗೆ, ಎಂದಳು. ದ್ರಾಕ್ಷಿಯ ಹುಳಿ ವಾಸನೆ ನನ್ನ ಮೂಗಿಗೂ ಬಡಿಯುತ್ತಿತ್ತು. ಇಲ್ಲೇ ನಾನು ಪ್ರತಿದಿನ ನಿಲ್ಲುತ್ತೇನೆ. ಬಟ್ಟೆ ಹಿಂಡುವಾಗ, ರಿಕ್ಷಾಕ್ಕೆ ಕಾಯುವಾಗ, ಪುಸ್ತಕದ ಹಾಳೆ ತಿರುವುವಾಗ ಇಲ್ಲಿಗೇ ಬಂದು ನಿಂತು, "ಮ್ಯಾಲ ಬಾ" ಎನ್ನುತ್ತೇನೆ. ಆವತ್ತು ಅನ್ನಲಿಲ್ಲ. "ಲಗೂನ ಮುಗಸು," ಎಂದೆ.

"ಅದೀಯೇನ?"

"ಆ... ಹೇ."

"ಅದೀಯೇನ?"

ಉತ್ತರವಿಲ್ಲ. ಚೇಷ್ಟೆ ಎಂದುಕೊಂಡೆ. ಬಗ್ಗಿ ನೋಡಿದೆ. ಟಾರ್ಚಿನ ಬೆಳಕಿನಲ್ಲಿ ಅವಳು ಗಡಿಗೆಯ ಗೋಡೆಗೆ ಕೆನ್ನೆ ಇಟ್ಟು ಮಲಗಿದಂತೆ ಕೂತಿದ್ದಳು. ಕೈಯಲ್ಲಿ ಉಜ್ಜುವ ತೊಗಟೆ ಹಾಗೇ ಇತ್ತು.

ನಾನು ಕಿರಿಚಿದೆ. ಚಪ್ಪಲಿ ಬಿಟ್ಟು ಒಂದು ಕಾಲನ್ನು ಗಡಿಗೆಯೊಳಗಿಟ್ಟೆ. ಅಷ್ಟರಲ್ಲಿ ಹಿಂದಿನಿಂದ ನನ್ನ ಜಡೆ ಯಾರದೋ ಮುಷ್ಟಿಗೆ ಸಿಕ್ಕಿ, ನಾನು ನೆಲಕ್ಕೆ ಬಿದ್ದೆ. ಲಾಮಾರಾ ಅಜ್ಜಿ. "ಆರಾ! ಆರಾ!" ಎಂದರು. ಬೇಡ, ಬೇಡ. ಅವರ ಮೊಣಕೈ ತನಕ ದ್ರಾಕ್ಷಿ ಪಾಕ ಅಂಟಿತ್ತು. ಹಗ್ಗವನ್ನು ನನ್ನ ಕೈಗೆ ತುರುಕಿ ತಾವೂ ಹಿಡಿದರು. ಇಬ್ಬರೂ ಕಾಲನ್ನು ಕಂಬಕ್ಕೆ ಒತ್ತಿ ಎಳೆದೆವು. ಮೊದಲು ಕಂಡದ್ದು ಅವಳ ತಲೆಯ ಬೈತಲೆ. ಭುಜ ಬಾಯಿಗೆ ಸಿಕ್ಕಿಕೊಂಡಿತು. ಅಜ್ಜಿ ಅವಳ ಒಂದು ತೋಳನ್ನು ಮೇಲೆತ್ತಿ, ಓರೆ ಮಾಡಿ, ದನದ ಸೂಲಗಿತ್ತಿಯ ಹಾಗೆ ಹೊರತೆಗೆದರು. ನಾಲ್ಕು ಮೆಟ್ಟಿಲು ಹತ್ತಿ ಅಂಗಳದ ಅಕ್ರೋಟು ಮರದ ಕೆಳಗೆ ಮಲಗಿಸಿದೆವು. ತುಟಿ ನೀಲಿಯಾಗಿತ್ತು.

ಅಜ್ಜಿ ಅವಳ ಬಾಯಿಗೆ ಬಾಯಿ ಇಟ್ಟು ಊದಿದರು. ನಾನೇನು ಮಾಡಿದೆ? ಕೂಗಿದೆ. ನನಗೆ ಗೊತ್ತಿದ್ದ ಕೆಲಸ ಅದೊಂದೇ. "ಅದೀಯೇನ? ಸುಪ್ರಿಯಾ, ಅದೀಯೇನ? ಅದೀಯೇನ?"

ಎಷ್ಟನೆಯ ಕೂಗಿಗೋ ಅವಳು ಕೆಮ್ಮಿದಳು. ವಾಂತಿ ಮಾಡಿಕೊಂಡಳು. ಕಣ್ಣು ತೆರೆದು ಮರವನ್ನು, ಅಜ್ಜಿಯನ್ನು, ಕಡೆಗೆ ನನ್ನನ್ನು ನೋಡಿದಳು.

"ತುಝಾ ಮೊಬೈಲ್ ಒಳಗ ರಾಹಿಲಾ," ಎಂದಳು.

ಆಸ್ಪತ್ರೆ

ಅಂಬುಲೆನ್ಸು ಬಂತು. ಕುಲಕರ್ಣಿ ಮೇಡಂ ಶಾಲೆಯಿಂದ ಬಣ್ಣ ಬಳಿದ ಕೈಯಲ್ಲೇ ಓಡಿ ಬಂದರು. ಆಮ್ಲಜನಕ ಕೊಟ್ಟ ವೈದ್ಯರು ಒಂದು ರಾತ್ರಿ ಇಲ್ಲೇ ಇರಲಿ, ಭಯವಿಲ್ಲ ಎಂದರು.

ದವಾಖಾನೆಗಳ ಊರಾದ ಮಿರಜಿನ ಹುಡುಗಿಗೆ ಆಸ್ಪತ್ರೆ ಹೊಸದಲ್ಲ. ಒಬ್ಬ ರೋಗಿಗೆ ಎಂಟು ಮಂದಿ, ಎಂಟು ಮಂದಿಗೆ ಹದಿನಾರು ಡಬ್ಬಿ, ಹೊರಗೆ ಮರದ ಕೆಳಗೆ ಚಾಪೆ. ಇಲ್ಲಿ ಪಡಸಾಲೆ ನಿಶ್ಶಬ್ದ, ನೆಲ ಕನ್ನಡಿ. ಪರದೇಶದಲ್ಲಿದ್ದೇನೆಂದು ನನಗೆ ನಿಜವಾಗಿ ಅನಿಸಿದ್ದು ಆಗಲೇ. ಅಷ್ಟರಲ್ಲಿ ಲಾಮಾರಾ ಅಜ್ಜಿ ಬುಟ್ಟಿ ಹಿಡಿದು ಬಂದರು. ರೊಟ್ಟಿ, ಗಿಣ್ಣು, ಬೇಯಿಸಿದ ರಾಜಮಾ, ಆಯಿಯ ಭಡಂಗ ಕೂಡ. ಹೊತ್ತಾಯಿತು, ಹೋಗಿ ಎಂದ ನರ್ಸಿಗೆ ಕಿವಿ ಕೇಳಿಸದವರಂತೆ ಬೆಂಚಿನ ಮೇಲೆ ಕಾಲು ಮಡಚಿ ಕೂತರು. ನರ್ಸು ಎರಡನೆಯ ಸಲ ಬಂದಾಗ ಅವಳ ಕೈಗೂ ಒಂದು ಹಿಡಿ ಭಡಂಗ ಹಾಕಿದರು. ಮೂರನೆಯ ಸಲ ಅವಳು ತಾನಾಗಿ ಕೈ ಚಾಚಿದಳು. ನನಗೆ ಊರು ಸಿಕ್ಕ ಹಾಗಾಯಿತು.

ಮರುದಿನ ಮನೆಗೆ ಬಂದ ಮೇಲೆ ಅಜ್ಜಿ ನಮ್ಮಿಬ್ಬರನ್ನೂ ನೆಲಮಾಳಿಗೆಯ ಮೆಟ್ಟಿಲ ತನಕ ಕರೆದೊಯ್ದರು. ನಮ್ಮನ್ನು ಅಲ್ಲೇ ನಿಲ್ಲಿಸಿ, ಗೂಡಿನ ಮೇಣದ ಬತ್ತಿ ಹಚ್ಚಿ, ತಂತಿ ಹಿಡಿದು ಆ ಖಾಲಿ ಗಡಿಗೆಯೊಳಗೆ ಮೆಲ್ಲಗೆ ಇಳಿಸಿದರು. ಒಂದು ಮೊಳ ಇಳಿಯಿತೋ ಇಲ್ಲವೋ, ಜ್ವಾಲೆ ಕುಗ್ಗಿ, ಆರಿತು. ಗಾಳಿ ಬೀಸಿರಲಿಲ್ಲ. ಯಾರೂ ಊದಿರಲಿಲ್ಲ. ಪಕ್ಕದ ಗಡಿಗೆಗಳು ಕೆಟ್ಟ ಗಾಳಿ ಉಗುಳುತ್ತವೆ, ಅದು ಭಾರ, ನೀರಿನ ಹಾಗೆ ಹರಿದು ಖಾಲಿ ಗಡಿಗೆಯಲ್ಲಿ ನಿಲ್ಲುತ್ತದೆ, ಎಂದು ಗಿಯಾ ಮೆಟ್ಟಿಲ ಮೇಲಿಂದ ಹೇಳಿದ. ಬಯ್ಯಲಿಲ್ಲ. ಅವನ ಮುಖ ಮಾತ್ರ ಬಿಳುಚಿತ್ತು.

ಆಮೇಲೆ ಅಜ್ಜಿ ಕೊಕ್ಕೆಯಿಂದ ನನ್ನ ಓಢಣಿಯನ್ನು ಎತ್ತಿದರು. ಬತ್ತಿ ಒಂದು ಕ್ಷಣವೂ ಬದುಕದ ಆ ಗಡಿಗೆಯಲ್ಲಿ ನನ್ನ ಮೊಬೈಲು ಇಡೀ ರಾತ್ರಿ ಕಳೆದಿತ್ತು. ಟಾರ್ಚು ಇನ್ನೂ ಉರಿಯುತ್ತಿತ್ತು.

ಉಳಿದ ಹನ್ನೊಂದು ದಿನ ಚೆನ್ನಾಗಿ ಕಳೆದವು. ಇದನ್ನು ಬೇಕೆಂದೇ ಬರೆಯುತ್ತೇನೆ, ಏಕೆಂದರೆ ಅದೂ ನಿಜ. ಸುಪ್ರಿಯಾ ಗೊಂಚಲು ಒಣಗಿಸಿ ಮಣೂಕ ಮಾಡುವುದನ್ನು ಕಲಿಸಹೋಗಿ, ಅಲ್ಲಿನ ಹೆಂಗಸರಿಂದ ತಾನೇ ಎರಡು ಹೊಸ ರೀತಿ ಕಲಿತಳು. ಹೊರಡುವ ದಿನದ ಊಟದಲ್ಲಿ ಗಿಯಾ ಒಂದೊಂದು ಬಟ್ಟಲಿಗೂ ಒಂದೊಂದು ಭಾಷಣ ಮಾಡಿದ. ನೀರು ಹಿಡಿದು ಹಾರೈಸುವುದು ಅಲ್ಲಿ ಅಪಶಕುನ. ಹಾಗಾಗಿ ನಮಗೆ ದಾಳಿಂಬೆ ರಸ. ಕೊನೆಯ ಬಟ್ಟಲು ಎತ್ತಿದವರು ಲಾಮಾರಾ ಅಜ್ಜಿ. ಅವರು ಹೇಳಿದ್ದು ಒಂದೇ ಶಬ್ದ. ಒಂದು ವಾರದಿಂದ ಕಲಿತಿದ್ದ ಶಬ್ದ.

"ಅದೀಯೇನ?" ಎಂದರು, ಸುಪ್ರಿಯಾಳ ಕಡೆ ನೋಡಿ.

ಹರಿಪುರ

ಊರಿಗೆ ಬಂದ ಮೂರನೆಯ ದಿನ ಇಬ್ಬರೂ ಭೀಮಣ್ಣ ಕಾಕಾನನ್ನು ಕಾಣಲು ಹೋದೆವು. ಮನೆಯ ಗೋಡೆಯ ಮೇಲೆ ಮಹಾಪೂರದ ನೀರಿನ ಗೆರೆ ಇನ್ನೂ ಇತ್ತು. ಅದರ ಕೆಳಗೆ ಅವರು ಗೋಣಿ ಹಾಸಿ ಕೂತಿದ್ದರು.

"ಬರ್ರಿ ಬಾಯಾರ, ಕುಂದ್ರಿ. ಪರದೇಶಕ್ಕ ಹೋಗಿದ್ರಂತ!"

ಎಲ್ಲ ಹೇಳಿದೆ. ಕಂದೀಲಿನ ಬದಲು ಮೊಬೈಲು ಬಿಟ್ಟೆ ಎಂಬಲ್ಲಿಗೆ ಬಂದಾಗ ಅವರು ಮೊದಲು ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಬ್ಯಾಟರಿಗೆ ಉಸಿರು ಬೇಕಾಗೂದಿಲ್ಲಲ್ಲ, ಯವ್ವಾ."

"ನಾ ಚೇಳು ನೋಡಾಕ ಬಿಡ್ತೀರಿ ಅನಕೊಂಡಿದ್ದೆ, ಕಾಕಾ."

"ನಂದೂ ತಪ್ಪೈತಿ. ಸಾವಕಾರ್ರ ಕೂಸು, ಇದಕ್ಯಾಕ ಬೇಕು ಅಂತ ಬಿಟ್ಟೆ. ಹೇಳಬೇಕಿತ್ತು." ಗೋಣಿಯ ಮೇಲೆ ನಮ್ಮ ಕಡೆ ಸರಿದು ಕೂತು, "ಕೂಗೂದು ಬಿಡಲಿಲ್ಲಲ್ಲ?" ಎಂದರು.

"ಬಿಡಲಿಲ್ಲ."

"ಅದ ಬಚಾವ್ ಮಾಡ್ತು. ನಾ ಒಮ್ಮಿ ಬೀಡಿ ಹಚ್ಚಾಕಂತ ಕೂಗೂದು ನಿಲ್ಲಿಸಿದ್ದೆ. ಅಷ್ಟರಾಗ ಒಳಗಿದ್ದ ಜೋಡಿದಾರ ಗಪ್ಪಾಗಿದ್ದ."

"ವಾಚಲಾ ಕಾ, ಉಳದ್ರೇನ್ರಿ?" ಸುಪ್ರಿಯಾ ಹೆದರಿ ಕೇಳಿದಳು.

"ಉಳದ. ಮ್ಯಾಲ ಬಂದಾವನ ನನ್ನ ಕಪಾಳಕ್ಕ ಹೊಡದ. ಅವತ್ತ ಬೀಡಿ ಬಿಟ್ಟೆ." ಮತ್ತೆ ನಕ್ಕರು. ಆಮೇಲೆ ಅವಳ ಕಡೆ ತಿರುಗಿ, "ನಿಮಗ ಹೊಡೀಬೇಕು ಅನಸಲಿಲ್ಲೇನ್ರಿ ಇವರಿಗೆ?"

"ಅನಸ್ತು," ಎಂದಳು ಸುಪ್ರಿಯಾ. "ಪಣ ಕೈಯಾಗ ತಾಕತ್ ಇರಲಿಲ್ಲ."

ಕಾಲೇಜಿನ ಹಾಳೆಯಲ್ಲಿ ಒಂಬತ್ತನೆಯ ದಿನದ ಎರಡೂ ಕಡೆ ಬಹಳ ದಿನ ಖಾಲಿ ಇತ್ತು. ಹರಿಪುರದಿಂದ ಬಂದ ಮೇಲೆ ಬಲಗಡೆ ‘ದೀಪ ಯಾಕೆಂದು ಕೇಳಬೇಕು’ ಎಂದು ಬರೆದೆ. ಎಡಗಡೆಗೆ ಏನೂ ತೋಚಲಿಲ್ಲ. ಖಾಲಿಯೇ ಕೊಟ್ಟೆ. ಕುಲಕರ್ಣಿ ಮೇಡಂ ಒಪ್ಪಿಕೊಂಡರು.

ಈಗ ದಿನಾ ಮಧ್ಯಾಹ್ನ ನಾಲ್ಕರ ಸುಮಾರಿಗೆ ನಾನು ಮಾಲಗಾಂವಕ್ಕೆ ಫೋನು ಮಾಡುತ್ತೇನೆ. ಮೊದಲ ರಿಂಗಿಗೆ ಎತ್ತಿದರೆ ಸರಿ. ಮೂರಾದರೆ ನಿಂತುಕೊಳ್ಳುತ್ತೇನೆ. ನಿನ್ನೆ ಐದು ರಿಂಗಾಯಿತು. ಚಪ್ಪಲಿ ಮೆಟ್ಟಿ ಬಾಗಿಲ ತನಕ ಬಂದಿದ್ದೆ. ಆಗ ಅತ್ತ ಕಡೆ ಪಾತ್ರೆ ಬಿದ್ದ ಸದ್ದು, ಅವಳಜ್ಜಿಯ ಬೈಗುಳ. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಅದೀನಿ, ಅದೀನಿ," ಎಂದಳು ಸುಪ್ರಿಯಾ, ಚೊಕ್ಕ ಕನ್ನಡದಲ್ಲಿ. "ಕೈಯಾಗ ರೊಟ್ಟಿ ಹಿಟ್ಟ ಐತಿ. ಆಮ್ಯಾಲ ಕೂಗು."